ಬೆನ್ನಲ್ಲಿ ಹೊಲಿಗೆ ಬಿಟ್ಟ ರಾಕ್ಷಸ

ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲಕ್ಕೆ ತಿ. ನರಸೀಪುರದ ಟೆಂಟಿನಲ್ಲಿ ಕನ್ನಡ ಸಿನಿಮಾ ಸಿಗದ ವಾರ ಜಪಾನಿನ ರಾಕ್ಷಸನ ಸಿನಿಮಾ ಹಾಕುತ್ತಿದ್ದರು. ಅಗ್ಗಕ್ಕೆ ಸಿಗುತ್ತಿತ್ತೇನೋ. ಆಗಿನ ಕಾಲ ಬಲು ಚೆನ್ನಾಗಿತ್ತು ಎಂದು ನನ್ನ ವಯಸ್ಸಿನವರು ಬರೆಯುವುದನ್ನು ಅಕ್ಷರ ಕೂಡಿಸಿಕೊಂಡು ಓದಿದ್ದೇನೆ. ಚೆನ್ನಾಗಿದ್ದುದು ಹುರಿದ ಕಡಲೆಕಾಯಿ ಮಾತ್ರ.

ಟೆಂಟಿನಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಬಿದಿರು ತಟ್ಟಿ. ಕೂರಲು ಹೊಳೆಯ ಮರಳು. ಬೀಡಿ ಹೊಗೆಯ ವಾಸನೆ, ಕೂಸುಗಳು ಉಚ್ಚೆ ಹೊಯ್ದ ವಾಸನೆ. ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತರೆ ಮುಂದಿನವಳ ತುರುಬು ಅಡ್ಡ ಬರುತ್ತಿರಲಿಲ್ಲ.

ಸಿನಿಮಾದ ಮಾತು ಯಾರಿಗೂ ತಿಳಿಯದ್ದರಿಂದ ಪರದೆ ಪಕ್ಕ ಒಬ್ಬ ಮೈಕು ಹಿಡಿದು ಕಥೆ ಹೇಳುತ್ತಿದ್ದ. ಅವನಿಗೂ ತಿಳಿಯದು. ಮೈಸೂರು ಸೀಮೆಯವನು ತಾನೇ, ಸಮುದ್ರದಿಂದ ಎದ್ದು ಬಂದ ಪ್ರಾಣಿಯನ್ನು ಮಹಿಷಾಸುರನ ತಮ್ಮನನ್ನಾಗಿ ಮಾಡಿಬಿಟ್ಟಿದ್ದ. “ನೋಡ್ರವ್ವಾ, ಅಣ್ಣನ್ನ ಕೊಂದ ಚಾಮುಂಡವ್ವನ್ನ ಉಡುಕ್ಕೊಂಡು ಬತ್ತಾವ್ನೆ!” ಎನ್ನುತ್ತಿದ್ದ. ಚಾಮುಂಡವ್ವನ ಹೆಸರು ಬಂತೆಂದು ಹೆಂಗಸರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ನಿಂಬೆಹಣ್ಣು ತಂದು ಪರದೆಯ ಬುಡದಲ್ಲಿ ಇಡುವವರೂ ಇದ್ದರು.

ಸಿನಿಮಾದ ಕೆಲಸ ಮಾತ್ರ ಕಳಪೆ. ಮನೆಗಳು ಬೆಂಕಿಪೊಟ್ಟಣದಂಥವು. ರೈಲು ಮಕ್ಕಳಾಟದ್ದು. ಹಾರುವ ಹಕ್ಕಿಗೆ ಕಟ್ಟಿದ ದಾರ ಕಾಣುತ್ತಿತ್ತು. ಸಮುದ್ರವೋ, ಬಚ್ಚಲ ಹಂಡೆಯಲ್ಲಿ ಕೈಯಾಡಿಸಿದ ಹಾಗೆ. ಓಡಿದ ಜನವೇ ಅದೇ ಬೀದಿಯಲ್ಲಿ ಮತ್ತೆ ಓಡುತ್ತಿತ್ತು. ಆದರೂ ಆ ಪ್ರಾಣಿ ಕಾಲೆತ್ತಿ ದೊಡ್ಡ ಕಟ್ಟಡ ತುಳಿದಾಗ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ನಮ್ಮವ್ವನನ್ನು ದಿನವಿಡೀ ಬಿಸಿಲಿಗೆ ನಿಲ್ಲಿಸಿ ನಾಳೆ ಬಾ ಎನ್ನುತ್ತಿದ್ದ ತಾಲ್ಲೂಕು ಕಚೇರಿ ಅದು ಎಂದುಕೊಂಡು ನೋಡುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮಕ್ಕ ದೇವೀರಮ್ಮನಿಗೆ ಕಳಲೆ ಊರಿನಿಂದ ಸಂಬಂಧ ಬಂದಿತ್ತು. ಹುಡುಗ ಅವಳಿಗೆ ಹಿಡಿಸಿದ್ದ. ಹೆಣ್ಣು ನೋಡಲು ಬಂದವನು ಕಾಫಿ ಕುಡಿದ ಲೋಟವನ್ನು ತಾನೇ ತೊಳೆಯಲು ಎದ್ದಿದ್ದ. ಅದನ್ನು ಹೇಳಿಕೊಂಡು ಹೇಳಿಕೊಂಡು ನಗುತ್ತಿದ್ದಳು. ಅವಳು ನಕ್ಕರೆ ಹಿತ್ತಿಲ ಕಾಗೆಗಳು ಎದ್ದು ಹೋಗುವಷ್ಟು ಜೋರು.

ಮಾತು ಗಟ್ಟಿ ಮಾಡಲು ಹುಡುಗನ ತಾಯಿ ಬಂದು ನಮ್ಮ ಮನೆಯಲ್ಲಿ ಉಳಿದರು. ಬೀಗಿತಿಯಾಗುವವಳನ್ನು ಟೆಂಟಿಗೆ ಕರೆದುಕೊಂಡು ಹೋಗುವುದು ಆಗ ಕೋಳಿ ಕುಯ್ದಷ್ಟೇ ದೊಡ್ಡ ಮರ್ಯಾದೆ. ಹೋದೆವು. ಆಯಮ್ಮ ಸೆರಗು ಹೊದ್ದು, ಕೈ ಮುಗಿದು ಕೂತಿದ್ದರು. ರಾಕ್ಷಸ ಬೆನ್ನು ತಿರುಗಿಸಿತು. ರವಿಕೆ ಹೊಲಿಯುವ ಅಕ್ಕನ ಕಣ್ಣು ಸೀದಾ ಅಲ್ಲಿಗೇ ಹೋಯಿತು.

“ಅವ್ವಾ, ಬೆನ್ನಲ್ಲಿ ಒಲಿಗೆ ಬಿಟ್ಟೋಗ್ಯದೆ ನೋಡು! ಒಳಗೆ ಮನ್ಸ ಅವ್ನೆ ಕಣವ್ವಾ, ಬನೀನು ಕಾಣ್ತಾ ಅದೆ!”

ಆಮೇಲೆ ಆ ನಗು. ತಟ್ಟಿಯ ಆಚೆಯಿಂದ ಒಬ್ಬ ಗಂಡಸು ಕೂಗಿದ: “ಯಾರವ್ವಾ ಅದು ಟೈಲರಮ್ಮ? ಓಗಿ ನೀನೇ ಒಂದು ಒಲಿಗೆ ಆಕ್ಬುಡವ್ವಾ!” ಗಂಡಸರ ಕಡೆಯೆಲ್ಲಾ ನಕ್ಕಿತು. ಅವ್ವ ಅಕ್ಕನ ತೊಡೆ ಚಿವುಟಿದಳು. ನಗು ನಿಲ್ಲಲಿಲ್ಲ.

ಬೆಳಿಗ್ಗೆ ಆಯಮ್ಮ ರೊಟ್ಟಿ ಮುಟ್ಟದೆ ಎದ್ದರು. “ದೇವ್ರ ಇಸ್ಯದಾಗೆ ಇಂಗೆ ಅಲ್ಲು ಕಿಸಿಯೋ ಎಣ್ಣು ನಾಳೆ ನನ್ನ ಮುಂದೆ ಎಂಗಿದ್ದಾಳು? ಗಂಡಸ್ರೆಲ್ಲ ಮಾತಿಗೆ ಸೇರ್ಕೊಂಡ್ರಲ್ಲಮ್ಮ. ನಮ್ಗೆ ಬ್ಯಾಡ.”

“ಅದು ದೇವ್ರಲ್ಲ ಕಣತ್ತೆ, ರಾಕ್ಸಸ,” ಎಂದೆ. ಅಪ್ಪ ನನ್ನ ಕೆನ್ನೆಗೆ ಒಂದು ಬಿಟ್ಟ.

ಸಂಬಂಧ ಮುರಿಯಿತು. ಲೋಟ ತೊಳೆಯಲು ಎದ್ದವನು ತಾಯಿ ಹಾಕಿದ ಗೆರೆ ದಾಟಲಿಲ್ಲ. ಟೆಂಟಿನಲ್ಲಿ ನಕ್ಕವಳು ಎಂದು ಊರೂರಿಗೆ ಗೊತ್ತಾಯಿತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಕಡೆಗೆ ಅಪ್ಪ ಅವಳನ್ನು ಹೆಡತಲೆ ಎಂಬ ಊರಿನಲ್ಲಿ ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟ. ಊರಿಗೆಲ್ಲಾ ಬಲು ಸಾಧು ಮನುಷ್ಯ. ಮನೆಯೊಳಗೆ ಹೆಂಗಸಿನ ಹಲ್ಲು ಕಂಡರೆ ಕೈ ಎತ್ತುತ್ತಿದ್ದ. ಅವನ ಚಪ್ಪಲಿ ಸದ್ದಿಗೆ ಮಕ್ಕಳೂ ಮಾತು ನಿಲ್ಲಿಸುತ್ತಿದ್ದವು. ಆ ರಾಕ್ಷಸನಿಗಾದರೂ ಬೆನ್ನಲ್ಲಿ ಹೊಲಿಗೆ ಬಿಟ್ಟಿತ್ತು. ಇವನನ್ನು ಹೊರಗಿನಿಂದ ನೋಡಿ ಒಳಗಿರುವುದು ಏನೆಂದು ಯಾರು ಹೇಳಿಯಾರು?

ಟೆಂಟಿದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ ಇದೆ. ಟೆಂಟು ಹೋದದ್ದಕ್ಕೆ ನನಗೆ ಯಾವ ಸಂಕಟವೂ ಇಲ್ಲ. ಮೊನ್ನೆ ಮೊಮ್ಮಗಳು ಅಂಥದ್ದೊಂದು ಸಿನಿಮಾ ಫೋನಿನಲ್ಲಿ ಹುಡುಕಿ ಕೊಟ್ಟಳು. ಅದೇ ಸಿನಿಮಾವೋ ಬೇರೆಯದೋ, ಎಲ್ಲವೂ ಒಂದೇ ಥರ. “ಗ್ರಾಫಿಕ್ಸ್ ಏನೂ ಚೆನ್ನಾಗಿಲ್ಲ ಅಜ್ಜಿ,” ಎಂದು ಮೂಗು ಮುರಿದಳು. ಅವಳನ್ನೇ ಕರೆದುಕೊಂಡು ಹೆಡತಲೆಗೆ ಹೋದೆ.

ಅಕ್ಕ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಫೋನು ಅವಳ ಮುಂದೆ ಹಿಡಿದೆ. ರಾಕ್ಷಸ ಬೆನ್ನು ತಿರುಗಿಸಿತು.

“ಅಕ್ಕಾ, ನೋಡು, ಒಲಿಗೆ.”

ಕನ್ನಡಕ ಸರಿ ಮಾಡಿಕೊಂಡು ನೋಡಿದಳು. ತುಟಿ ಅರಳತೊಡಗಿತು. ಈಗ ನಗುತ್ತಾಳೆ ಎಂದು ಕಾದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ತಿರುಗಿದಳು.

“ಒರಗೆ ಯಾರವ್ರೆ?”

“ಯಾರೂ ಇಲ್ಲ ಕಣಕ್ಕಾ. ನಿನ್ನ ಗಂಡ ಸತ್ತು ಎಷ್ಟು ಕಾಲ ಆಯ್ತು!”

“ಆದ್ರೂ ಆ ಫೋನು ಆರ್ಸವ್ವಾ,” ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.