ಗೋಡೆಯ ಮೇಲಿನ ಬಟ್ಟಲು

ದೊಡ್ಡವ್ವನ ಎಡಗೈ ತುಂಬ ಹಚ್ಚೆ. ಮಣಿಕಟ್ಟಿನಿಂದ ಮೊಣಕೈ ದಾಟಿ ಮೇಲಕ್ಕೂ ಹಸಿರು ಚುಕ್ಕಿ, ಹಸಿರು ಬಳ್ಳಿ, ತೋಳಿನ ಮೇಲೊಂದು ಚೇಳು. ಬಿಪಿ ನೋಡುವ ಪಟ್ಟಿಯನ್ನು ನಾನು ಸುತ್ತುತ್ತಿದ್ದದ್ದು ಸರಿಯಾಗಿ ಆ ಚೇಳಿನ ಮೇಲೆ. ಗಾಳಿ ತುಂಬಿ ಪಟ್ಟಿ ಬಿಗಿಯಾಗುತ್ತಲೇ "ಮೆಲ್ಲಕೆ ಕಣವ್ವ, ನನ್ನ ಚೇಳು ಸತ್ತೋಗ್ತೈತೆ" ಎನ್ನುತ್ತಿದ್ದರು. "ಮಾತಾಡಬ್ಯಾಡಿ ದೊಡ್ಡವ್ವ, ಬಿಪಿ ಏರ್ತೈತೆ" ಎಂದು ನಾನು ಗದರುತ್ತಿದ್ದೆ. ಪ್ರತಿ ತಿಂಗಳೂ ಇದೇ ನಾಟಕ. ಆದರೂ ಪ್ರತಿ ಸಲವೂ ನನಗೆ ನಗು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಚಳ್ಳಕೆರೆಯವಳು, ಆಗಷ್ಟೇ ನರ್ಸಿಂಗ್ ಮುಗಿಸಿದ್ದೆ. ಬಿಪಿ ಇರುವವರಿಗೆ ಯಾವ ಮಾತ್ರೆ ಕೊಟ್ಟರೆ ಹೃದಯಾಘಾತ, ಲಕ್ವ ತಪ್ಪುತ್ತದೆ ಎಂದು ನೋಡುವ ಸಂಶೋಧನೆಯೊಂದನ್ನು ನಮ್ಮ ಡಾಕ್ಟರು ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ನಡೆಸುತ್ತಿದ್ದರು. ಕೆಲವರಿಗೆ ಹಳೆಯ ಮಾತ್ರೆ, ಕೆಲವರಿಗೆ ಹೊಸದು. ತಿಂಗಳಿಗೊಮ್ಮೆ ಹೋಗಿ ಬಿಪಿ ನೋಡಿ, ಡಬ್ಬಿ ತುಂಬಿಸಿ ಬರುವುದು ನನ್ನ ಕೆಲಸ. ಬಿ.ಜಿ. ಕೆರೆಯಲ್ಲಿ ಬಸ್ಸಿಳಿದು, ಕರಿಮಣ್ಣಿನ ದಾರಿ ತುಳಿದು, ಬೆವರು ಒರೆಸಿಕೊಳ್ಳುತ್ತ ಆ ಹಳ್ಳಿ ಸೇರುವಷ್ಟರಲ್ಲಿ ನನ್ನ ಬಿಪಿಯನ್ನೇ ಯಾರಾದರೂ ನೋಡಬೇಕು ಅನ್ನಿಸುತ್ತಿತ್ತು.

ನಮ್ಮ ಕ್ಯಾಂಪು ದೊಡ್ಡವ್ವನ ಜಗಲಿಯ ಮೇಲೆ. ಕುರಿ ಸಾಕುವ ಮನೆತನ. ಗಂಡ ತೀರಿಹೋಗಿದ್ದರು, ಮಗ ಮಂದೆಯ ಹಿಂದೆ ಊರೂರು ತಿರುಗುತ್ತಿದ್ದ. ಎದುರಿಗೆ ಕೂತವರಿಗೆ ಕೊಡದೆ ಆಕೆ ಬಾಯಿಗೆ ಒಂದು ಶೇಂಗಾ ಬೀಜವನ್ನೂ ಹಾಕಿಕೊಂಡವರಲ್ಲ. ಅಡಿಕೆಯನ್ನೂ ಅಡಕತ್ತರಿಯಲ್ಲಿ ಹೋಳು ಮಾಡಿ ಒಂದು ಹೋಳು ನನ್ನ ಕೈಗಿಡಬೇಕು. ಮಜ್ಜಿಗೆಗೆ ಉಪ್ಪು ಕಡಿಮೆ ಹಾಕಿ ಎಂದು ನಾನು ಪಾಠ ಹೇಳಿದರೆ, "ಸಪ್ಪೆ ಮಜ್ಜಿಗೆ ಕೊಟ್ರೆ ನೀನು ಬರೋ ತಿಂಗಳು ಈ ಕಡೆ ತಲೆ ಹಾಕ್ತೀಯಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ಪಕ್ಕದ ಮನೆ ಅವರ ವಾರಗಿತ್ತಿಯದು. ಊರವರೆಲ್ಲ ಆಕೆಯನ್ನು ಚಿಕ್ಕವ್ವ ಎನ್ನುತ್ತಿದ್ದರು. ಎರಡೂ ಮನೆಯ ಹಿತ್ತಲಿಗೆ ನಡುವೆ ಎದೆಮಟ್ಟದ ಒಂದು ಗೋಡೆ. ಅವರಿಬ್ಬರಿಗೂ ಮಾತಿಲ್ಲ. ಅತ್ತೆ ಸತ್ತಾಗ ಆಕೆ ಹೊದೆಯುತ್ತಿದ್ದ ಕಂಬಳಿ ಯಾರ ಮನೆಗೆ ಹೋಗಬೇಕು ಎಂಬಲ್ಲಿ ಶುರುವಾದ ಜಗಳವಂತೆ. ಕಂಬಳಿ ದೊಡ್ಡವ್ವನ ಮನೆಗೆ ಬಂತು, ಮಾತು ನಿಂತಿತು. ನಾನು ಚಿಕ್ಕವ್ವನನ್ನೂ ಬಿಪಿ ನೋಡಿಸಿಕೊಳ್ಳಲು ಕರೆದಿದ್ದೆ. "ಆ ಜಗಲಿ ನಾನು ತುಳಿಯಾಕಿಲ್ಲ. ನಂಗೇನೂ ಆಗಿಲ್ಲ, ಹೋಗವ್ವ" ಎಂದು ಬಾಗಿಲು ಮುಂದೆ ಮಾಡಿದ್ದರು.

ದೊಡ್ಡವ್ವನ ಡಬ್ಬಿ ಮಾತ್ರ ಯಾವಾಗಲೂ ಖಾಲಿ. ಉಳಿದವರು ಮರೆತೆ, ಕಳೆದೆ, ಎಮ್ಮೆ ತುಳೀತು ಎಂದು ನೂರು ನೆಪ ಹೇಳುವಾಗ, ದೊಡ್ಡವ್ವನನ್ನು ನೋಡಿ ಕಲೀರಿ ಎಂದು ನಾನು ಎಲ್ಲರೆದುರು ಹೊಗಳುತ್ತಿದ್ದೆ. ಆಕೆ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದರು. ನಾಚಿಕೆ ಅಂದುಕೊಂಡಿದ್ದೆ. ಆದರೆ ಬಿಪಿ ಇಳಿಯಲೊಲ್ಲದು. ತಿಂಗಳ ಮೇಲೆ ತಿಂಗಳು ಕಾದು, ಕೊನೆಗೆ ಡಾಕ್ಟರು "ಈ ಮಾತ್ರೆ ಇವರಿಗೆ ಸಾಲದು" ಎಂದು ಜೋರಿನ ಮಾತ್ರೆ ಬರೆದರು. ನಾನೇ ಒಯ್ದು ಕೊಟ್ಟೆ.

ಮುಂದಿನ ಸಲ ಹೋದಾಗ ಚಿಕ್ಕವ್ವನ ಮನೆಯ ಮುಂದೆ ಜನ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಬಿದ್ದು ಆಕೆಯ ಹಣೆ ಒಡೆದಿತ್ತು. ಮೈಯೆಲ್ಲ ತಣ್ಣನೆ ಬೆವರು. ಬಿಪಿ ನೋಡಿದೆ, ನನ್ನ ಕಿವಿಯನ್ನೇ ನಂಬಲಾಗಲಿಲ್ಲ, ಮತ್ತೆ ನೋಡಿದೆ. ಅಷ್ಟು ಕೆಳಗಿಳಿದಿತ್ತು. "ಏನಾದ್ರೂ ಗುಳಿಗೆ ನುಂಗಿದ್ರಾ?" ಎಂದು ಕೂಗಿದೆ. ಯಾರಿಗೂ ಗೊತ್ತಿಲ್ಲ.

ಗೋಡೆಯಾಚೆ ನಿಂತಿದ್ದ ದೊಡ್ಡವ್ವ ಸುತ್ತು ಹಾಕಿಕೊಂಡು ಓಡಿಬಂದರು. ಅಷ್ಟು ವರ್ಷ ತುಳಿಯದ ಹೊಸ್ತಿಲು ದಾಟಿ ಬಂದು ನನ್ನ ಕೈ ಹಿಡಿದರು. "ನಾನೇ ಕೊಟ್ಟಿದ್ದು ಕಣವ್ವ. ನನ್ನ ಗುಳಿಗೇನೇ. ಅಡಕತ್ತರೀಲಿ ಅರ್ಧ ಮಾಡಿ ದಿನಾ ಕೊಡ್ತಿದ್ದೆ" ಎಂದರು. ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಒಂದು ಹಿತ್ತಾಳೆ ಬಟ್ಟಲು. ಅದರೊಳಗೆ ಅರ್ಧ ಮಾತ್ರೆ, ಮೇಲೊಂದು ಚೂರು ಬೆಲ್ಲ. ಬೆಳಗಾದರೆ ಬಟ್ಟಲು ತೊಳೆದು ಗೋಡೆಯ ಮೇಲೆ ಬೋರಲು. ಇಷ್ಟೇ ವ್ಯವಹಾರ, ಒಂದು ಮಾತಿಲ್ಲ. ಈಗ ಮಾತ್ರೆ ಜೋರಾಗಿತ್ತು, ಅರ್ಧವೂ ಜೋರಾಗಿತ್ತು.

ಟೆಂಪೋದಲ್ಲಿ ಮಲಗಿಸಿಕೊಂಡು ಚಳ್ಳಕೆರೆ ಆಸ್ಪತ್ರೆಗೆ ಹೊರಟೆವು. ಕಾಲು ಎತ್ತಿ ಹಿಡಿಯಿರಿ ಎಂದು ನಾನು ಎಲ್ಲರ ಮೇಲೂ ಹಾರಾಡುತ್ತಿದ್ದೆ. ದೊಡ್ಡವ್ವ ವಾರಗಿತ್ತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟುತ್ತಿದ್ದರು. ಅವರ ತವರು ಆಂಧ್ರದ ಗಡಿಯಾಚೆ. ಸಂಕಟ ಬಂದರೆ ಬಾಯಿಗೆ ತೆಲುಗೇ ಬರುವುದು. "ಲೇವೇ ತಲ್ಲೀ, ಲೇವೇ" ಎಂದು, ಏಳೇ ತಾಯಿ ಎಂದು, ದಾರಿಯುದ್ದಕ್ಕೂ ಕರೆದರು.

ಸಂಜೆಗೆ ಚಿಕ್ಕವ್ವ ಕಣ್ಣು ಬಿಟ್ಟರು. ಸುದ್ದಿ ತಿಳಿದು ಬಂದ ನಮ್ಮ ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತ್ತು. "ಇನ್ನೊಬ್ಬರಿಗೆ ಮಾತ್ರೆ ಕೊಡೋಕೆ ನೀವೇನು ಡಾಕ್ಟರಾ?" ಎಂದರು.

ದೊಡ್ಡವ್ವ ಕೈ ಮುಗಿದು ನಿಂತರು. "ನಮ್ಮತ್ತೆ ಲಕ್ವ ಹೊಡ್ದು ಮಲಗಿದ್ರು ಸ್ವಾಮಿ. ಅವ್ರ ಹೇಲು ಉಚ್ಚೆ ನಾವಿಬ್ರೇ ಬಳಿದಿದ್ದು. ಅತ್ತೆ ಆದ್ಮೇಲೆ ಹಿರೇ ಸೊಸೆ ನಂಗೆ ಬಿಪಿ ಬಂತು. ಆಮೇಲಿನ ಸೊಸೆ ಅವಳೇ ಅಲ್ವಾ? ಒಗೆಯೋ ಕಲ್ಲತ್ರ ತಲೆ ಹಿಡ್ಕಂಡು ಕುಕ್ಕರಿಸಿದ್ದನ್ನ ಕಣ್ಣಾರೆ ನೋಡಿದೆ. ನಾನೊಬ್ಳೇ ತಿಂದು ಬದುಕೋದು ಹೆಂಗೆ?"

ಪರೀಕ್ಷೆ ಮಾಡಿದರೆ ಚಿಕ್ಕವ್ವನಿಗೆ ಬಿಪಿಯೇ ಇರಲಿಲ್ಲ. ರಕ್ತ ಕಡಿಮೆಯಾಗಿ ತಲೆ ಸುತ್ತುತ್ತಿತ್ತು, ಅಷ್ಟೇ. ಡಾಕ್ಟರು ಅವರ ಕಡೆ ತಿರುಗಿದರು. "ನೀವಾದರೂ ಯಾಕಮ್ಮ ನುಂಗಿದ್ರಿ? ಬೇಡ ಅನ್ನಬಾರದಿತ್ತಾ?"

"ಬ್ಯಾಡ ಅನ್ನಾಕೆ ಮಾತಾಡ್ಬೇಕಿತ್ತಲ್ಲ ಸ್ವಾಮಿ. ನಮಗೆ ಮಾತಿಲ್ಲ" ಎಂದರು ಚಿಕ್ಕವ್ವ. ಬಟ್ಟಲನ್ನು ಹಾಗೇ ಬಿಡಬಹುದಿತ್ತಲ್ಲ ಎಂದು ನಾನು ಬಾಯಿ ಹಾಕಿದೆ. "ತುಂಬಿದ ಬಟ್ಲು ವಾಪಸ್ ಇಟ್ರೆ ಅವಳ ಮುಖಕ್ಕೆ ಹೊಡ್ದಂಗೆ ಅಲ್ವೇನವ್ವ? ಅಷ್ಟು ಕೆಟ್ಟೋಳಲ್ಲ ನಾನು."

ಡಾಕ್ಟರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು. ನಾನೂ ನಕ್ಕೆ. ದೊಡ್ಡವ್ವ ಮಾತ್ರ ಮಂಚದ ಕಾಲು ಹಿಡಿದು ಕೂತು ಬಿಕ್ಕಿಬಿಕ್ಕಿ ಅತ್ತರು.

ನಿಯಮದ ಪ್ರಕಾರ ದೊಡ್ಡವ್ವನನ್ನು ಸಂಶೋಧನೆಯಿಂದ ಕೈಬಿಡಬೇಕಾಯಿತು. ಹೇಳಲು ನಾನೇ ಹೋಗಬೇಕು. ಮಾತ್ರೆ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ ಅಂದುಕೊಂಡರೆ, "ಹಂಗಾದ್ರೆ ಇನ್ಮೇಲೆ ನೀನು ಬರಾಕಿಲ್ವಾ?" ಎಂದರು. ಹೋಗದೆ ಇರಲು ನನಗೂ ಮನಸ್ಸಾಗಲಿಲ್ಲ. ಡಾಕ್ಟರು ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಸಿಗುವಂತೆ ಮಾಡಿದರು. ಇಡೀ ಮಾತ್ರೆ ನುಂಗತೊಡಗಿದ ಮೇಲೆ ಬಿಪಿ ಹೇಳಿದ ಮಾತು ಕೇಳಿತು, ಜೋರಿನದು ಬೇಕೇ ಆಗಲಿಲ್ಲ. ಜಗಲಿಯ ಮೇಲೆ ಅತ್ತೆಯ ಕಂಬಳಿ ಹಾಸಿಕೊಂಡು ಇಬ್ಬರೂ ಕೂತಿರುತ್ತಿದ್ದರು. ಮಾತು ಬಿಟ್ಟಿದ್ದ ವರ್ಷಗಳದ್ದನ್ನೆಲ್ಲ ಬಡ್ಡಿ ಸಮೇತ ಆಡಿಕೊಳ್ಳುತ್ತಿದ್ದರು. ನನಗೆ ಬಿಪಿಯ ಸದ್ದು ಕೇಳಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು.

ಆಮೇಲೆ ಎಷ್ಟೋ ಕಡೆ ಕೆಲಸ ಮಾಡಿದ್ದೇನೆ. ಯಾರ ಮನೆಗೆ ಹೋದರೂ ಮಾತ್ರೆ ನುಂಗಿದಿರಾ ಎಂದು ಮೊದಲು ಕೇಳುವುದಿಲ್ಲ. "ಮನೇಲಿ ಇನ್ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತೇನೆ. ಕಾಲೇಜು ಕಲಿಸದ ಪ್ರಶ್ನೆ ಅದು, ದೊಡ್ಡವ್ವ ಕೊಟ್ಟದ್ದು.

ಲಕ್ವ ಅವರ ಹತ್ತಿರ ಸುಳಿಯಲಿಲ್ಲ. ಕೆಲವು ವರ್ಷಗಳ ನಂತರ, ಮುಪ್ಪಿನಲ್ಲಿ, ಮಲಗಿದಲ್ಲೇ ಹೋದರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಹೋದಾಗ ಚಿಕ್ಕವ್ವ ಹಿತ್ತಲಲ್ಲಿ ಆ ಕಂಬಳಿ ಹೊದ್ದು ಕೂತಿದ್ದರು. ಗೋಡೆಯ ಮೇಲೆ ಬಟ್ಟಲು ಬೋರಲಾಗಿತ್ತು. ಪಕ್ಕದಲ್ಲಿ ಕೂತೆ.

ಚಿಕ್ಕವ್ವನೇ ಗೋಡೆಯ ಕಡೆ ಕೈ ತೋರಿಸಿದರು.

"ಈಗ ಬ್ಯಾಡ ಅನ್ನಾಕೆ ಬಾಯಿ ಐತೆ ಕಣವ್ವ. ಕೊಡೋಳೇ ಇಲ್ಲ."