ಪಾಸ್‌ಪೋರ್ಟ್ ಕೇಳದ ಶಾಲೆ

ಬೆಳಿಗ್ಗೆ ಆರು ಹತ್ತಕ್ಕೆ ಚಹಾ ಕುಡಿಯುವುದು ನನ್ನ ನಿಯಮ. ಇಂದು ಸೊಸೆ ಮುಂದಿಟ್ಟ ಲೋಟದಲ್ಲಿ ಹಾಲಿಲ್ಲದ, ಹಸಿ ಹುಲ್ಲಿನ ವಾಸನೆಯ ಹಸಿರು ನೀರಿತ್ತು. "ಶಬಾನಾ ಜಪಾನಿನಿಂದ ತಂದದ್ದು, ಮಾವ," ಎಂದಳು. ಪೊಟ್ಟಣ ತರಿಸಿ ತಾರೀಖು ನೋಡಿದೆ. ಅಂಕಿ ಬಿಟ್ಟು ಉಳಿದದ್ದೆಲ್ಲ ಜಪಾನಿ ಲಿಪಿ; ಅದು ತಯಾರಾದ ದಿನವೋ ಕೆಡುವ ದಿನವೋ ತಿಳಿಯದು. ಅನುಮಾನದಿಂದಲೇ ಕುಡಿದೆ.

ಶಬಾನಾ ನನ್ನ ಗೆಳೆಯ ಹಮೀದನ ಮಗಳು. ಹಮೀದ್ ಉಳ್ಳಾಲದವ, ಇಲ್ಲಿ ಕೊಲ್ಲಿ ದೇಶದ ಟುಬ್ಲಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಹುಡುಗಿ ಬೆಳೆದದ್ದು ಇಲ್ಲಿಯದೇ ಮುಹರ್ರಕ್‌ನಲ್ಲಿ, ಬಿ.ಎ. ಓದಿದ್ದು ಮಂಗಳೂರಿನಲ್ಲಿ. ನಾಲ್ಕು ವರ್ಷದ ಹಿಂದೆ ಅವಳಿಗೆ ಜಪಾನಿನ ಸಣ್ಣ ಊರೊಂದರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಭಾನುವಾರದೊಳಗೆ ಸಹಿ ಹಾಕಿ ಕಳಿಸದಿದ್ದರೆ ಕೆಲಸ ಬೇರೆಯವರಿಗೆ. ಗುರುವಾರ ಸಂಜೆ ಹಮೀದ್ ಮಗಳನ್ನು ಕರೆದುಕೊಂಡು, ಕಾಗದಗಳ ಸಮೇತ, ಅರಾದಿನ ನಮ್ಮ ಮನೆಗೆ ಬಂದ.

"ನೀವು ಸರಿ ಉಂಟು ಅಂದ್ರೆ ಮಾತ್ರ ಕಳಿಸ್ತೇನೆ, ಅಣ್ಣ."

ನಾನು ಮೂವತ್ತು ವರ್ಷ ಇಲ್ಲಿನ ಒಂದು ಕಂಪನಿಯಲ್ಲಿ ಕೆಲಸಗಾರರ ಕಾಗದಪತ್ರ ನೋಡಿಕೊಂಡವನು. ಸುಳ್ಳು ವೀಸಾವನ್ನು ಮೂಸಿಯೇ ಹೇಳುತ್ತೇನೆಂಬ ಜಂಬ ಬೇರೆ. ಕೆಂಪು ಪೆನ್ಸಿಲ್ ಹಿಡಿದು ಎರಡು ಸಲ ಓದಿದೆ. ಒಂದೂ ತಪ್ಪು ಸಿಗದಿದ್ದಾಗ ಅನುಮಾನ ಶುರುವಾಯಿತು. ಮೂರನೆಯ ಓದಿಗೆ ಹೊಳೆಯಿತು: ಪಾಸ್‌ಪೋರ್ಟನ್ನು ಎಲ್ಲಿ ಒಪ್ಪಿಸಬೇಕೆಂದು ಬರೆದೇ ಇರಲಿಲ್ಲ. ನೀವೇ ಹೇಳಿ, ನಮ್ಮ ಕಾಲದವರು ಇಲ್ಲಿ ವಿಮಾನ ಇಳಿದು ಮಾಡುತ್ತಿದ್ದ ಮೊದಲ ಕೆಲಸ ಪಾಸ್‌ಪೋರ್ಟನ್ನು ಕಂಪನಿಗೆ ಕೊಟ್ಟು ಚೀಟಿ ಪಡೆಯುವುದು. ಅದನ್ನು ಕೇಳದವರು ಎಂಥ ಧಣಿಗಳು?

ನಾನೇ ಹೇಳಿ ಶಬಾನಾಳಿಂದ ಬರೆಸಿ ಶಾಲೆಗೆ ಇಮೇಲ್ ಕಳಿಸಿದೆ. ಮರುದಿನ ಸಂಜೆ ಅಪ್ಪ, ಮಗಳು ಉತ್ತರ ಹಿಡಿದು ಮತ್ತೆ ಬಂದರು: ಪಾಸ್‌ಪೋರ್ಟ್ ನಿಮ್ಮದು, ನಿಮ್ಮ ಬಳಿಯೇ ಇರಲಿ, ನಿಮ್ಮ ಪ್ರಶ್ನೆ ನಮಗೆ ಸರಿಯಾಗಿ ಅರ್ಥವಾಗಲಿಲ್ಲ, ಕ್ಷಮಿಸಿ.

"ನೋಡು, ಕ್ಷಮೆ ಬೇರೆ ಕೇಳ್ತಾರೆ. ಇದರಲ್ಲಿ ಏನೋ ಉಂಟು," ಎಂದೆ.

"ಹಾಗಾದ್ರೆ ಬೇಡ ಬಿಡಿ," ಎಂದು ಹಮೀದ್ ಕಾಗದ ಮಡಚಿದ.

ಶಬಾನಾ ಅಳಲಿಲ್ಲ. "ಅಂಕಲ್, ನಿಮ್ಮ ಪಾಸ್‌ಪೋರ್ಟ್ ಕಂಪನಿಯಲ್ಲಿ ಎಷ್ಟು ವರ್ಷ ಇತ್ತು?"

"ಮೂವತ್ತು. ಒಂದು ಗೀರೂ ಬಿದ್ದಿರಲಿಲ್ಲ."

"ನಿಮ್ಮ ಅಮ್ಮ ತೀರಿಹೋದಾಗ?"

ಆ ಕತೆಯನ್ನು ನಾನೇ ಅವಳಿಗೆ ಶಿಸ್ತಿನ ಪಾಠವೆಂದು ಹೇಳಿದ್ದೆ. ಅಮ್ಮ ಕುಂದಾಪುರದಲ್ಲಿ ತೀರಿದ ದಿನ ಮ್ಯಾನೇಜರು ರಜೆಯಲ್ಲಿದ್ದರು. ಪಾಸ್‌ಪೋರ್ಟ್‌ಗಳ ಪಟ್ಟಿ ಬರೆಯುವವನು ನಾನು, ಕಪಾಟಿನ ಕೀ ಇರುವುದು ಅವರಲ್ಲಿ. ಮೂರನೆಯ ದಿನ ಕಪಾಟು ತೆರೆಯಿತು. ನಾನು ಊರು ಮುಟ್ಟಿದಾಗ ಚಿತೆ ತಣ್ಣಗಾಗಿತ್ತು. "ಆದರೂ ನಾನು ಬೀಗ ಮುರಿಯಲಿಲ್ಲ" ಎಂದು ಎಷ್ಟೋ ಕಡೆ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಆ ಸಂಜೆ ಹಮೀದ್ ಮಡಚಿದ ಕಾಗದವನ್ನು ಬಿಡಿಸಿ ಶಬಾನಾಳ ಮುಂದಿಟ್ಟೆ.

"ಸಹಿ ಹಾಕು," ಎಂದೆ. "ವಾರಕ್ಕೊಮ್ಮೆ ಬರೆಯಬೇಕು. ಫೋಟೊ ಸಮೇತ."

ಬರೆಯುತ್ತಾಳೆ. ಒಮ್ಮೆ ಮಕ್ಕಳು ತಾವೇ ತರಗತಿ ಗುಡಿಸುವ ಫೋಟೊ ಬಂತು. ಗುಡಿಸಲು ಜನ ಇಡಲಾಗದ ಶಾಲೆ ಎಷ್ಟು ದಿನ ನಡೆದೀತು ಎಂದು ಕೇಳಿದೆ. "ಇಲ್ಲಿ ಎಲ್ಲ ಕಡೆ ಹೀಗೇ, ಅಂಕಲ್. ನೀವು ಬಂದ್ರೆ ಹೆಡ್‌ಮಾಸ್ಟರ್ ಮಾಡ್ತಾರೆ," ಎಂದಳು. ಹೊಗಳಿದಳೋ ಗೇಲಿ ಮಾಡಿದಳೋ ಇನ್ನೂ ಗೊತ್ತಾಗಿಲ್ಲ. ಆ ಶಾಲೆಯ ಮೇಲೆ ಒಂದು ಕಣ್ಣಿಟ್ಟೇ ಇದ್ದೇನೆ.

ಮೊನ್ನೆ ಅವಳ ತಾಯಿಗೆ ದಿಢೀರನೆ ಆಪರೇಷನ್ ಆಯಿತು. ಮರುದಿನವೇ ಶಬಾನಾ ಆಸ್ಪತ್ರೆಯ ಮಂಚದ ಪಕ್ಕದಲ್ಲಿದ್ದಳು. ಯಾವ ಕೀಗೂ ಕಾಯಲಿಲ್ಲ.

ಇಂದು ಎಂಟು ಗಂಟೆಗೆ ಟುಬ್ಲಿಯ ಗ್ಯಾರೇಜಿಗೆ ಹೋದೆ. ಹಮೀದನ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಉಂಟು. ಅದರಲ್ಲಿ ಅವನ ಆರು ಕೆಲಸಗಾರರ ಪಾಸ್‌ಪೋರ್ಟ್‌ಗಳಿವೆ. ಹಾಗೆ ಇಡಲು ಹೇಳಿಕೊಟ್ಟವನು ನಾನೇ.

"ಇದನ್ನು ತೆಗೆ. ಅವರವರದ್ದು ಅವರವರಿಗೆ ಕೊಡುವ."

"ಎಂತ ಅಣ್ಣ, ಓಡಿ ಹೋದ್ರೆ?"

"ನನಗೂ ಅದೇ ಅನುಮಾನ," ಎಂದೆ. "ತೆಗೆ."