ಅಕ್ಕನ ಹಗಲಿನ ಬಾಟಲಿ

ಅಂಗಿ ಇಷ್ಟು ಭಾರದ ವಸ್ತು ಎಂದು ನಲವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ. ಸರ್ಪಸುತ್ತು ಬಂದು ಹೋದ ಮೇಲೆ ಗೊತ್ತಾಯಿತು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿ ಉದುರಿದವು. ನೋವು ಮಾತ್ರ ಎಡ ಪಕ್ಕೆಯಲ್ಲಿ ಅಂಗೈ ಅಗಲದ ಜಾಗ ಹಿಡಿದು ಕೂತುಬಿಟ್ಟಿತು. ನೋಡಿದರೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಇಸ್ತ್ರಿ ಮಾಡಿದ ಅಂಗಿ ಸೋಕಿದರೆ ಸಾಕು, ಇಸ್ತ್ರಿ ಪೆಟ್ಟಿಗೆಯೇ ಸೋಕಿದ ಹಾಗಾಗುತ್ತಿತ್ತು.

ರಾತ್ರಿಯ ಚಿಂತೆ ಇರಲಿಲ್ಲ. ಸಿಂಗಪುರದ ಕ್ಲೆಮೆಂಟಿಯ ನಮ್ಮ ಬಾಡಿಗೆ ಫ್ಲಾಟಿನಲ್ಲಿ ಬನಿಯನ್ನೂ ಇಲ್ಲದೆ ಬಲಮಗ್ಗುಲಿಗೆ ಮಲಗಬಹುದಿತ್ತು. ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ಹಾಗೆ ಹೋಗಲಾಗುವುದಿಲ್ಲವಲ್ಲ. ನಾನು ಅಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ತಂಡ ನೋಡಿಕೊಳ್ಳುತ್ತಿದ್ದೆ. ದಿನವಿಡೀ ಎಡಗೈಯ ಎರಡು ಬೆರಳಲ್ಲಿ ಅಂಗಿಯನ್ನು ಪಕ್ಕೆಯಿಂದ ದೂರ ಎಳೆದು ಹಿಡಿದುಕೊಂಡೇ ಇರುತ್ತಿದ್ದೆ. ಹೊಸದಾಗಿ ಸೇರಿದವರು ಅದನ್ನು ನನ್ನ ಗತ್ತು ಎಂದುಕೊಂಡಿದ್ದರಂತೆ.

ಡಾಕ್ಟರು ನರದ ನೋವಿಗೆ ಮಾತ್ರೆ ಕೊಟ್ಟಿದ್ದರು. ಅದು ನೋವನ್ನು ಅರ್ಧ ಕಡಿಮೆ ಮಾಡುತ್ತಿತ್ತು, ನನ್ನನ್ನು ಪೂರ್ತಿ ಮಲಗಿಸುತ್ತಿತ್ತು. ಮೀಟಿಂಗಿನಲ್ಲಿ ಯಾರೋ ನನ್ನ ಅಭಿಪ್ರಾಯ ಕೇಳಿದಾಗ ಗಲ್ಲ ಎದೆಗೆ ತಾಗಿತ್ತು. ಸಂಜೆ ಮನೆಗೆ ಹೋಗುವ ಎಂಆರ್‌ಟಿ ರೈಲಿನಲ್ಲಿ ಕೂತರೆ ಕ್ಲೆಮೆಂಟಿ ಯಾವಾಗ ಬಂತು, ಯಾವಾಗ ಹೋಯಿತು ಎಂದೇ ತಿಳಿಯುತ್ತಿರಲಿಲ್ಲ. ಆ ರೈಲಿನ ಕೊನೆಯ ಸ್ಟೇಷನ್ ಜೂ ಕೂನ್‌ನಲ್ಲಿ ಬಾಗಿಲು ತೆರೆದು ಎಲ್ಲರೂ ಇಳಿದ ಮೇಲೆ ಎಚ್ಚರ. ಒಂದೇ ತಿಂಗಳಲ್ಲಿ ಐದು ಸಲ ಜೂ ಕೂನ್ ನೋಡಿಬಂದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಮಾತ್ರೆ ಹೇಗಿದೆ ಎಂದು ಡಾಕ್ಟರಮ್ಮ ಕೇಳುತ್ತಿದ್ದರು. "ಓಕೆ ಡಾಕ್ಟರ್, ಫೈನ್" ಎನ್ನುತ್ತಿದ್ದೆ. ಅಷ್ಟು ಹೊತ್ತು ಹೊರಗೆ ಕಾದಿದ್ದೇ ಆ ಮಾತು ಹೇಳುವುದಕ್ಕೆ ಎನ್ನುವ ಹಾಗೆ.

ನಿಜ ಹೇಳುತ್ತಿದ್ದದ್ದು ಅಕ್ಕನಿಗೊಬ್ಬಳಿಗೇ. ನನಗಿಂತ ಆರು ವರ್ಷ ದೊಡ್ಡವಳು, ಇಪ್ಪತ್ತು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ. ಅವಳ ಬೆರಳ ಗಂಟುಗಳಿಗೆ ಸಂಧಿವಾತ. ಒಂದು ಕಾಲದಲ್ಲಿ ಡಬ್ಬಿಗಟ್ಟಲೆ ಕೋಡುಬಳೆ ಸುತ್ತುತ್ತಿದ್ದವಳು ಪುಸ್ತಕದ ಹಾಳೆ ಮಗುಚಲೂ ಪೆನ್ಸಿಲ್ಲಿನ ರಬ್ಬರ್ ತುದಿ ಬಳಸುವ ಹಾಗಾಗಿತ್ತು. ಭಾನುವಾರದ ಫೋನಿನಲ್ಲಿ ನಾವಿಬ್ಬರೂ ಅರ್ಧ ಗಂಟೆ ನೋವು ಹಂಚಿಕೊಂಡು, ಉಳಿದ ಅರ್ಧ ಗಂಟೆ ನೆಂಟರನ್ನು ಆಡಿಕೊಳ್ಳುತ್ತಿದ್ದೆವು.

ಒಂದು ಭಾನುವಾರ ಅವಳು ವಾಟ್ಸಾಪಿನಲ್ಲಿ ಒಂದು ತಟ್ಟೆ ಕೋಡುಬಳೆಯ ಫೋಟೋ ಕಳಿಸಿದಳು. ಯಾರು ಮಾಡಿದ್ದು ಎಂದು ಕೇಳಿದೆ.

"ನಾನೇ ಕಣೋ. ನಿಂಗೆ ಹೇಳೋಣ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೆ. ಗಾಂಜಾ ತಗೋತಿದೀನಿ."

ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟುಕೊಂಡೆ.

"ಸೇದೋದಲ್ವೋ, ಹಾಗೆ ಉಸಿರು ಬಿಡಬೇಡ. ಡಾಕ್ಟರ್ ಬರ್ದುಕೊಟ್ಟಿದಾರೆ. ನಾಲಿಗೆ ಕೆಳಗೆ ಹಾಕ್ಕೊಳೋ ಹನಿ."

ಆಮೇಲೆ ಅವಳು, ಅಲ್ಲಿ ಕಾನೂನಿನಂತೆಯೇ ಅದನ್ನು ಮಾರುವ ಅಂಗಡಿಗೆ ಹೋದ ಕತೆ ಹೇಳಿದಳು. ಮೊದಲ ದಿನ ಕಾರಿನಲ್ಲೇ ಇಪ್ಪತ್ತು ನಿಮಿಷ ಕೂತಿದ್ದಳಂತೆ, ಶಾಲೆಯ ಯಾರಾದರೂ ನೋಡಿಬಿಟ್ಟರೆ ಎಂದು. ಬಾಗಿಲ ಬಳಿ ಮ್ಯಾಟ್ ಹಾಸಿದ್ದು ಕಂಡು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೇ ಒಳಗೆ ಹೋದಳಂತೆ. ಒಳಗೆ ಬೈರಾಗಿಗಳೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಕನ್ನಡಕ ಹಾಕಿದ, ನೆರೆತ ಕೂದಲಿನ ಹೆಂಗಸೊಬ್ಬಳು ಇದ್ದಳು. ಅವಳು ಮೊದಲು ಕೇಳಿದ್ದು, ನೋವು ಹಗಲಿನದೋ ರಾತ್ರಿಯದೋ ಎಂದು. ರಾತ್ರಿಗಾದರೆ ನಿದ್ದೆ ತರುವ ಬಗೆ. ಹಗಲಿಗೆ ತಲೆಗೇರದ ಬಗೆ ಬೇರೆ ಇದೆ, ಕಾರು ಓಡಿಸುವ ಮೊದಲು ಮನೆಯಲ್ಲೇ ಸ್ವಲ್ಪ ಸ್ವಲ್ಪ ತೆಗೆದುಕೊಂಡು ನೋಡಬೇಕು, ಬೇರೆ ಮಾತ್ರೆ ಇದ್ದರೆ ಡಾಕ್ಟರಿಗೆ ತಿಳಿಸಬೇಕು ಎಂದೆಲ್ಲ ಹೇಳಿ ಎರಡು ಬಾಟಲಿ ಎದುರಿಗಿಟ್ಟಳಂತೆ. ಅಕ್ಕ ಹಗಲಿನದನ್ನು ಆರಿಸಿಕೊಂಡಳು.

"ರಾತ್ರಿ ಹೇಗೋ ಕಳೆಯುತ್ತೆ. ಹಗಲು ಕೈ ಬೇಕಲ್ಲಪ್ಪ" ಎಂದಳು.

ಆ ಮಾತು ನನಗೆ ನಾಟಿತು. ನನ್ನ ರೋಗಕ್ಕೆ ಅದು ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಬೆಳಿಗ್ಗೆ ಒಂದು ಹನಿ, ಆಮೇಲೆ ಎಚ್ಚರವಾಗಿಯೂ ಇದ್ದು ಅಂಗಿಯನ್ನೂ ಹಾಕಿಕೊಂಡಿರುವ ಒಂದು ಇಡೀ ದಿನ ಎಂದು ಊಹಿಸಿಕೊಂಡು ಬಾಯಲ್ಲಿ ನೀರೂರಿತು ಎಂದರೆ ಸುಳ್ಳಲ್ಲ. ಅದು ಸಿಂಗಪುರದಲ್ಲಿ ಆಗದ ಮಾತು ಎಂಬುದು ಸಿಟ್ಟನ್ನೂ ತರಿಸಿತು. ಮೊದಲ ಸಲ ಇಲ್ಲಿಗೆ ಬಂದಾಗ ವಿಮಾನದಲ್ಲಿ ಕೊಟ್ಟ ಬಿಳಿ ಕಾರ್ಡಿನಲ್ಲಿ, ಮಾದಕ ವಸ್ತು ಸಾಗಿಸುವವರಿಗೆ ಮರಣದಂಡನೆ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿದ್ದನ್ನು ಓದಿ ನನ್ನ ಚೀಲದಲ್ಲಿದ್ದ ಹಿಂಗಿನ ಡಬ್ಬಿಗೇ ಬೆವತಿದ್ದೆ.

ಎರಡು ತಿಂಗಳ ನಂತರ ಅಕ್ಕ ಮದುವೆಯೊಂದಕ್ಕೆ ಮೈಸೂರಿಗೆ ಹೊರಟಳು. ದಾರಿಯಲ್ಲಿ ಮೂರು ದಿನ ನಮ್ಮಲ್ಲಿ ಇಳಿಯುವುದೆಂದು ಗೊತ್ತಾಯಿತು. ಹೊರಡುವ ಹಿಂದಿನ ದಿನ ಫೋನ್ ಮಾಡಿದಳು. ಏನೇನು ತರಬೇಕು ಎಂದು ಕೇಳುತ್ತ, ನಡುವೆ ತೀರಾ ಸಹಜವಾಗಿ, "ನಿಂಗೂ ಒಂದು ಹಗಲಿನ ಬಾಟಲಿ ಹಾಕ್ಕೊಳ್ಲಾ?" ಎಂದಳು.

"ಅಯ್ಯೋ, ಬೇಡ ಬಿಡಕ್ಕ. ನಿಂಗ್ಯಾಕೆ ಸುಮ್ನೆ ತೊಂದ್ರೆ" ಎಂದೆ.

ಅವಳು "ಸರಿ ಸರಿ" ಎಂದು ಮಾತು ಬದಲಿಸಿದಳು. ಫೋನಿಟ್ಟೆ. ಎದುರಿಗೆ ನನ್ನ ಹೆಂಡತಿ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹನಿ ಮದ್ದಿನ ವಿಷಯ ಅವಳಿಗೂ ಗೊತ್ತಿತ್ತು.

"ನೀವು ಬೇಡ ಅಂದ ರೀತಿ ಕೇಳಿದ್ರೆ ಅವ್ರು ಎರಡು ಬಾಟಲಿ ತರ್ತಾರೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಮನೆಯಲ್ಲಿ ಬೇಡ ಎನ್ನುವುದು ನಿರಾಕರಣೆಯಲ್ಲ, ಮರ್ಯಾದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನಬೇಕು, ಬಡಿಸುವವರು ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಪಾಯಸ ಬಿಡಬೇಕು. ಬಿಡದಿದ್ದರೆ ಬೇಡ ಎಂದವನಿಗೇ ಬೇಜಾರು. ಅಕ್ಕ ಆ ಮನೆಯಲ್ಲಿ ಬಡಿಸಿ ಬೆಳೆದವಳು. ನನ್ನ ಒಂದು ಬೇಡವನ್ನೂ ಅವಳು ಈ ಜನ್ಮದಲ್ಲಿ ನಂಬಿದ್ದು ನನಗೆ ನೆನಪಿಲ್ಲ. ಕೊರಳಿಗೆ ಬರಬಹುದಾದ ವಸ್ತುವನ್ನು ನಾನು ಎರಡನೆಯ ಸೌಟು ಪಾಯಸದ ಧಾಟಿಯಲ್ಲಿ ಬೇಡ ಎಂದಿದ್ದೆ. ಅದಕ್ಕಿಂತ ನಾಚಿಕೆಯ ಮಾತೆಂದರೆ, ಹಾಗೆ ಅನ್ನುವಾಗ ಒಳಗೊಳಗೇ ಅವಳು ತಂದರೆ ತರಲಿ ಎಂಬ ಆಸೆಯೂ ಇತ್ತು.

ತಕ್ಷಣ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಬರೆಯಲು ಕೂತೆ. ಆ ವಸ್ತುವಿನ ಹೆಸರು ಬರೆಯಲು ಹೆದರಿಕೆ, ಬರೆಯದಿದ್ದರೆ ಅರ್ಥವಾಗದ ಹೆದರಿಕೆ. ಬರೆದು, ಅಳಿಸಿ, ಕೊನೆಗೆ "ಅಕ್ಕ, ಬೇಡ ಅಂದಿದ್ದು ನಿಜವಾಗ್ಲೂ ಬೇಡ, ಪಾಯಸದ ಬೇಡ ಅಲ್ಲ" ಎಂದು ಕಳಿಸಿದೆ. ಒಂದೇ ಟಿಕ್ ಬಿತ್ತು. ಮಾರನೆಯ ದಿನವೂ ಒಂದೇ ಟಿಕ್. ಹೊರಡುವ ಗಡಿಬಿಡಿಯಲ್ಲಿ ಫೋನ್ ಆಫ್ ಮಾಡಿ ಚೀಲಕ್ಕೆ ಹಾಕಿದವಳು ಅದನ್ನು ಮತ್ತೆ ತೆಗೆದಿರಲಿಲ್ಲ.

ಅವಳ ವಿಮಾನ ಮಧ್ಯಾಹ್ನ ಇಳಿಯಿತು. ನಾನು ಅರ್ಧ ದಿನ ರಜೆ ಹಾಕಿ ಚಾಂಗಿಗೆ ಹೋಗಿ ಗಾಜಿನಾಚೆ ನಿಂತಿದ್ದೆ. ಅದೇ ವಿಮಾನದವರು ಗಾಡಿ ತಳ್ಳಿಕೊಂಡು ಬಂದರು, ಅಪ್ಪಿಕೊಂಡರು, ಹೋದರು. ಅಕ್ಕ ಬರಲಿಲ್ಲ. ಹದಿನೈದು ನಿಮಿಷವಾಯಿತು, ನಲವತ್ತಾಯಿತು. ಎಷ್ಟಿದ್ದರೆ ಜೈಲು, ಎಷ್ಟಿದ್ದರೆ ಅದಕ್ಕಿಂತ ಹೆಚ್ಚು ಎಂದು ನನಗೆ ತಿಳಿದಿರಲಿಲ್ಲ. ಡಾಕ್ಟರ ಚೀಟಿ ತೋರಿಸುತ್ತಾಳೆ, ಅವರು ಕೇಳುವುದಿಲ್ಲ, ಇವಳು ನಗುತ್ತ ನನ್ನ ತಮ್ಮನಿಗೆ ಎನ್ನುತ್ತಾಳೆ. ಇಷ್ಟರಲ್ಲೇ ನನ್ನ ಮನಸ್ಸು ಸುತ್ತುತ್ತಿತ್ತು. ಒಂದು ಪೊಲೀಸ್ ಜೋಡಿ ಹಾದುಹೋದಾಗ ಅವರ ಬಳಿ ಹೋಗಿ ತಪ್ಪು ನನ್ನದು ಎಂದುಬಿಡಲೇ ಅನ್ನಿಸಿತು. ಏನು ತಪ್ಪು ಎಂದು ಕೇಳಿದ್ದರೆ, ಬೇಡ ಎಂದದ್ದು ಸಾಲಲಿಲ್ಲ ಎನ್ನಬೇಕಾಗಿತ್ತು.

ಅಕ್ಕ ಐವತ್ತನೆಯ ನಿಮಿಷಕ್ಕೆ ಬಂದಳು. ಗಾಡಿಯನ್ನು ಬೆರಳಿನಿಂದಲ್ಲ, ಮುಂಗೈಗಳಿಂದ ತಳ್ಳುತ್ತಿದ್ದಳು.

"ಎಲ್ಲಿ ಹೋಗಿದ್ಯೇ?"

"ಕಸ್ಟಮ್ಸ್‌ನಲ್ಲಿ ಚಟ್ನಿಪುಡಿ ಇದೆ ಅಂತ ನಾನೇ ಹೇಳ್ದೆ. ಪಾಪ, ಆತ ಮುಚ್ಚಳ ತೆಗೆದು ಮೂಸಿ ನೋಡಿ ಆರು ಸಲ ಸೀನಿದ. ಆಮೇಲೆ ಪೂರ್ತಿ ಪೆಟ್ಟಿಗೆ ಬಿಚ್ಚಿಸಿದ್ರು."

"ಪೂರ್ತಿ?" ಎಂದೆ. "ಬಾಟಲಿ?"

"ತರ್ಲಿಲ್ಲ. ನೀನು ಬೇಡ ಅಂದ್ಯಲ್ಲ."

ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ. ಅಳು ಬಂತು, ಅತ್ತೆ. ಐವತ್ತೆರಡು ವರ್ಷದ ಅಕ್ಕ ಪಕ್ಕದಲ್ಲಿ ನಿಂತು, ನನ್ನ ನೋವಿನ ಪಕ್ಕೆ ಯಾವುದೆಂದು ನೆನಪಿಟ್ಟುಕೊಂಡು ಬಲ ಭುಜವನ್ನೇ ಸವರಿದಳು.

ಟ್ಯಾಕ್ಸಿಯಲ್ಲಿ ಪೂರ್ತಿ ಕತೆ ಹೊರಬಿತ್ತು. ನನ್ನ ಬೇಡವನ್ನು ಅವಳೂ ಮೊದಲು ನಂಬಿರಲಿಲ್ಲ. ಬಾಟಲಿ ಕೊಂಡು, ರೇಷ್ಮೆ ಸೀರೆಯ ಮಡಿಕೆಯಲ್ಲಿ ಸುತ್ತಿ ಇಟ್ಟಿದ್ದಳು. ರಾತ್ರಿ ಊಟಕ್ಕೆ ಕೂತಾಗ, ಕೊಳ್ಳುವಾಗ ಆ ಅಂಗಡಿಯ ಹೆಂಗಸು ಹೇಳಿದ ಒಂದು ಮಾತು ನೆನಪಾಯಿತಂತೆ. ಇದು ಈ ರಾಜ್ಯದ ಗಡಿಯೊಳಗೆ ಮಾತ್ರ ಔಷಧ, ವಿಮಾನ ಹತ್ತಿಸಬೇಡಿ ಎಂದು. ಎದ್ದು ಪೆಟ್ಟಿಗೆ ಬಿಚ್ಚಿ ನನ್ನ ಬಾಟಲಿ ತೆಗೆದಳು. ಕೈಚೀಲದಿಂದ ತನ್ನದನ್ನೂ ತೆಗೆದಳು. ಎರಡನ್ನೂ ಅಡಿಗೆಮನೆಯ ಕಪಾಟಿನಲ್ಲಿಟ್ಟು ಬಂದಳು.

"ಹಾಗಾದ್ರೆ ನಿಂಗೆ?"

"ಮೂರು ವಾರ ತಾನೇ. ನಡಿಯುತ್ತೆ" ಎಂದಳು. ಆಗ ಅವಳ ಬೆರಳುಗಳನ್ನು ನೋಡಿದೆ. ಹದಿನಾರು ಗಂಟೆಗಳ ಪ್ರಯಾಣದಲ್ಲಿ ಗಂಟುಗಳು ಊದಿ ಕೆಂಪಾಗಿದ್ದವು, ಉಂಗುರ ಚರ್ಮದೊಳಗೆ ಹೂತುಹೋಗಿತ್ತು.

ನಾನು ನನ್ನ ಮಾತ್ರೆಯ ಬಗ್ಗೆ ಗೊಣಗಿದೆ. ಅವಳು ಕಣ್ಣು ಕಿರಿದು ಮಾಡಿ ಕೇಳಿದಳು. "ನಿದ್ದೆ ಬರುತ್ತೆ ಅಂತ ಡಾಕ್ಟರಿಗೆ ಹೇಳಿದ್ಯಾ?"

ನಾನು ಕಿಟಕಿಯ ಕಡೆ ತಿರುಗಿದೆ.

"ಹೇಳಿಲ್ಲ. ಆರು ತಿಂಗಳಿಂದ ನಂಗೆ ಹೇಳ್ತಿದೀಯ, ಮದ್ದು ಬರ್ದುಕೊಡೋರಿಗೆ ಹೇಳಿಲ್ಲ. ನಾನು ನಿನಗೋಸ್ಕರ ಜೈಲಿಗೆ ಹೋಗ್ಬೇಕಿತ್ತಾ?"

ಮಾರನೆಯ ಬೆಳಿಗ್ಗೆ ಅವಳೇ ನನ್ನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಮಾಮೂಲಿನಂತೆ ಹೇಗಿದೆ ಎಂದರು. ನಾನು ಬಾಯಿ ತೆರೆದೆ, "ಓಕೆ" ಬಂದೇಬಿಟ್ಟಿತ್ತು, ಅಕ್ಕ ಕೆಮ್ಮಿದಳು. ಎಲ್ಲ ಹೇಳಿದೆ: ಮೀಟಿಂಗು, ಜೂ ಕೂನ್, ಅಂಗಿ. ಧೈರ್ಯ ಮಾಡಿ ಗಾಂಜಾದ ಹನಿಯ ಬಗ್ಗೆಯೂ ಕೇಳಿದೆ. ಅವರು ಗಾಬರಿಯಾಗಲಿಲ್ಲ. ಇಲ್ಲಿ ಅದು ಸಾಧ್ಯವಿಲ್ಲ, ಅಲ್ಲದೆ ಇಲ್ಲಿ ಸಾಧ್ಯವಿರುವುದನ್ನೇ ನಾವಿನ್ನೂ ಪೂರ್ತಿ ಪ್ರಯತ್ನಿಸಿಲ್ಲ, ನೀವು ಚೆನ್ನಾಗಿದ್ದೀರಿ ಎನ್ನುತ್ತಿದ್ದಿರಲ್ಲ ಎಂದರು. ಹಗಲಿನ ಮಾತ್ರೆ ಇಳಿಸಿ ಹೆಚ್ಚಿನ ಪಾಲನ್ನು ರಾತ್ರಿಗೆ ಹಾಕಿದರು. ಹಗಲಿಗೆ ಪಕ್ಕೆಯ ಮೇಲೆ ಅಂಟಿಸುವ ಪಟ್ಟಿ ಬರೆದರು. ಅದು ಆ ಜಾಗವನ್ನಷ್ಟೇ ಮರಗಟ್ಟಿಸುತ್ತದೆ, ತಲೆಗೆ ಏರುವುದಿಲ್ಲ ಎಂದರು. ಆರು ತಿಂಗಳಿಂದ ನನಗೆ ಬೇಕಾಗಿದ್ದದ್ದು ಅಷ್ಟೇ.

ಹೊರಡುವಾಗ ಡಾಕ್ಟರಮ್ಮ ಅಕ್ಕನ ಕೈ ನೋಡಿ, ನಿಮಗೇನಾಗಿದೆ ಎಂದು ಕೇಳಿದರು.

"ನೋ ನೋ, ಐ ಆಮ್ ಫೈನ್" ಎಂದಳು ಅಕ್ಕ, ನಗುತ್ತ, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು.

ಈ ಸಲ ನಾನು ಕೆಮ್ಮಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕುರ್ಚಿಗೆ ವಾಪಸ್ಸು ಬಂದು ಕೂತು, ಕೈ ಎರಡನ್ನೂ ಮೇಜಿನ ಮೇಲಿಟ್ಟಳು. ಮೂರು ವಾರದ ಪ್ರಯಾಣಕ್ಕೆ ಆಗುವಷ್ಟು ಮಾತ್ರೆ, ಹಚ್ಚಲು ಮುಲಾಮು ಸಿಕ್ಕಿತು. ಉಂಗುರವನ್ನು ನರ್ಸು ಸೋಪಿನ ನೀರು ಹಚ್ಚಿ ತೆಗೆದುಕೊಟ್ಟಳು.

ಮೂರನೆಯ ದಿನ ಸಂಜೆ ಅವಳು ನನ್ನ ಆಫೀಸು ನೋಡಬೇಕೆಂದು ರಾಫೆಲ್ಸ್ ಪ್ಲೇಸಿಗೆ ಬಂದಳು. ಪಟ್ಟಿ ಅಂಟಿಸಿ ಎರಡನೆಯ ದಿನ ಅದು. ಬೆಳಗಿನಿಂದ ಒಂದು ಸಲವೂ ತೂಕಡಿಸಿರಲಿಲ್ಲ, ಅಂಗಿಯನ್ನು ಎಳೆದು ಹಿಡಿಯಲು ಹೋದ ಬೆರಳು ಎರಡು ಮೂರು ಸಲ ದಾರಿಯಲ್ಲೇ ನಿಂತಿತ್ತು. ನೋವು ಪೂರ್ತಿ ಹೋಗಿರಲಿಲ್ಲ. ಬಾಗಿಲ ಹೊರಗೆ ನಿಂತವರ ಮಾತಿನಂತೆ ಸಣ್ಣಗೆ ಕೇಳಿಸುತ್ತಿತ್ತು, ಅಷ್ಟೇ. ಎಷ್ಟು ಹಗುರವಾಗಿದ್ದೆ ಎಂದರೆ, ಲಿಫ್ಟಿನಲ್ಲಿ ಪರಿಚಯವಿಲ್ಲದವರಿಗೆಲ್ಲ ಗುಡ್ ಈವ್ನಿಂಗ್ ಹೇಳಿದೆ.

ಮನೆಗೆ ಹೋಗುವ ರೈಲಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅಕ್ಕ ನನ್ನ ಎಡಕ್ಕೆ ಕೂತಳು. ತಂಜಾಂಗ್ ಪಗಾರ್ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿ, ತಲೆ ನನ್ನ ಭುಜಕ್ಕೆ, ಮೊಣಕೈ ನೇರವಾಗಿ ನನ್ನ ಪಕ್ಕೆಗೆ ಬಂತು. ಆರು ತಿಂಗಳಿಂದ ಅಲ್ಲಿ ಬಟ್ಟೆಯನ್ನೂ ತಾಗಗೊಡದವನು ನಾನು. ಅಲುಗಾಡದೆ ಕೂತೆ. ಈಗ ಎಚ್ಚರವಾಗಿರಬೇಕಾದವನು ನಾನೇ ಎಂದು ಸ್ಟೇಷನ್ನುಗಳ ಹೆಸರನ್ನು ಒಂದೊಂದಾಗಿ ಓದಿಕೊಂಡೆ. ಡೋವರ್ ಬಂದಾಗ ಅವಳಿಗೆ ಎಚ್ಚರವಾಯಿತು. ಮೊಣಕೈ ಎಲ್ಲಿದೆ ಎಂದು ನೋಡಿದಳು.

"ನೋಯ್ತಿದ್ಯಾ?"

ಇಲ್ಲ, ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಸ್ವಲ್ಪ" ಎಂದೆ.

ಅಕ್ಕ ಎದ್ದು ನನ್ನ ಬಲಗಡೆಗೆ ಬಂದು ಕೂತಳು.